ಕೈಯೋ, ಹೊಳೆಯೋ

ಮಾರ್ಚ್ 3, ಬೆಳಿಗ್ಗೆ 7
ಮತ್ತೆ ಅದೇ ಬೆಂಚು, ಅದೇ ಕ್ಯಾಮೆರಾ, ಅದೇ ಆರಿದ ಕಾಫಿ. ಕೋತಿಗಳು ಹೊತ್ತಿಗೆ ಸರಿಯಾಗಿ ಬಂದವು. ನನಗಿಂತ ಶಿಸ್ತು. ಗುಂಪಿನ ಹಿರಿಯವಳು, ನಾನು ಅಜ್ಜಿ ಅನ್ನುವವಳು, ಬಂಡೆಯ ಮೇಲೆ ಕಾಯಿ ಇಟ್ಟು ಕಲ್ಲಿನಿಂದ ಕುಟ್ಟಿದಳು. ವಯಸ್ಸಾಯಿತು, ಗುರಿ ತಪ್ಪುತ್ತದೆ. ಕಲ್ಲಿಗೆ ಕಲ್ಲು ಬಡಿದು ಚೂರು ಹಾರುತ್ತದೆ. ಅವಳಿಗೆ ಬೇಕಾದದ್ದು ಕಾಯಿ. ಚೂರಿನ ಕಡೆ ತಿರುಗಿಯೂ ನೋಡುವುದಿಲ್ಲ. ನಾನು ಆರಿಸಿ ಪೊಟ್ಟಣ ಕಟ್ಟುತ್ತೇನೆ. ಡಾಕ್ಟರೇಟ್ ಅಂದರೆ ಇದೇ — ಕೋತಿಯ ಕಸ ಗುಡಿಸುವುದು.

ಮಾರ್ಚ್ 9, ಭಾನುವಾರ
ಅಪ್ಪ ಅಮ್ಮನ ಜೊತೆ ಊಟ. ಅಪ್ಪನ ಪುಸ್ತಕ ಅಚ್ಚಿಗೆ ಹೊರಟಿದೆ. ಜೀವಮಾನವಿಡೀ ಒಂದೇ ದಿಬ್ಬ ಅಗೆದರು. ಅಲ್ಲಿ ಸಿಕ್ಕ ಕಲ್ಲಿನ ಚಕ್ಕೆಗಳು ಮನುಷ್ಯ ಬೇಕೆಂದೇ ಒಡೆದು ಮಾಡಿದ ಅತಿ ಹಳೆಯ ಉಪಕರಣಗಳು ಎಂಬುದು ಅವರ ವಾದ. 21ಕ್ಕೆ ಅದರ ಮೇಲೆ ದೊಡ್ಡ ಉಪನ್ಯಾಸ. ಅಮ್ಮ ಆಗಲೇ ಕೋಟು ಇಸ್ತ್ರಿಗೆ ಕೊಟ್ಟಿದ್ದಾಳೆ.

ಊಟವಾದ ಮೇಲೆ ನಮ್ಮ ಹಳೇ ಆಟ. ಚಿಕ್ಕಂದಿನಲ್ಲಿ ಅಪ್ಪ ನನ್ನ ಮುಂದೆ ಕಲ್ಲು ಸುರಿದು ಕೇಳುತ್ತಿದ್ದರು: “ಕೈಯೋ, ಹೊಳೆಯೋ?” ಮನುಷ್ಯ ಒಡೆದದ್ದೋ, ನೀರಲ್ಲಿ ಉರುಳಿ ಒಡೆದದ್ದೋ. ಇವತ್ತು ಕೇಳುವ ಸರದಿ ನನ್ನದು. ಹೊಳೆಕಲ್ಲಿನ ಜೊತೆ ಅಜ್ಜಿಯ ಚೂರನ್ನೂ ಸೇರಿಸಿದ್ದೆ. ತಮಾಷೆಗೆ. ಹೊಳೆ ಅನ್ನುತ್ತಾರೆ, ನಗೋಣ ಅಂತ.

ಕನ್ನಡಕ ಹಣೆಗೇರಿಸಿ ಒಂದೊಂದೇ ಎತ್ತಿದರು. “ಹೊಳೆ. ಹೊಳೆ. ಇದೂ ಹೊಳೆ...” ಅಜ್ಜಿಯ ಚೂರು ಬಂತು. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು.

“ಕೈ. ಎಂಥಾ ಕೈ ಕಣೇ! ಎಡಚ ಇವನು, ಪೆಟ್ಟು ಬಿದ್ದಿರೋ ಕಡೆ ನೋಡು. ನಮ್ಮ ದಿಬ್ಬದ್ದೇ ಅಲ್ವಾ? ಯಾವ ಡಬ್ಬಿಯಿಂದ ಕದ್ದೆ, ಕಳ್ಳಿ?”

ನಗಲು ತೆರೆದ ಬಾಯಿ ಹಾಗೇ ಉಳಿಯಿತು. ಅಜ್ಜಿ ಕುಟ್ಟುವುದು ಎಡಗೈಯಲ್ಲಿ. ಅದನ್ನು ಅಪ್ಪನಿಗೆ ಯಾರೂ ಹೇಳಿಲ್ಲ.

ಮಾರ್ಚ್ 10
ಅಪ್ಪನ ಚಕ್ಕೆಗಳ ಫೋಟೋಗಳನ್ನೂ ನನ್ನ ಪೊಟ್ಟಣಗಳನ್ನೂ ಅಕ್ಕಪಕ್ಕ ಇಟ್ಟೆ. ಬೇರೆ ಮಾಡಲು ನನಗೂ ಆಗಲಿಲ್ಲ. ದಿಬ್ಬದಲ್ಲಿ ಬೂದಿ ಸಿಕ್ಕಿಲ್ಲ. ಕೊಯ್ದ ಗುರುತಿರುವ ಮೂಳೆ ಸಿಕ್ಕಿಲ್ಲ. ಚಕ್ಕೆ ಬಿಟ್ಟರೆ ಮನುಷ್ಯನ ಗುರುತು ಏನೂ ಇಲ್ಲ. ಆಟದಲ್ಲಿ ಇದ್ದದ್ದು ಎರಡೇ ಉತ್ತರ. ಮೂರನೆಯದೊಂದು ಇರಬಹುದು ಅಂತ ಇಬ್ಬರಿಗೂ ಅನ್ನಿಸಲೇ ಇಲ್ಲವಲ್ಲ. ದೇವರೇ... ಅಪ್ಪನಿಗೆ ಹೇಗೆ ಹೇಳಲಿ?

ಮಾರ್ಚ್ 19
ಹೇಳಿಬಿಟ್ಟೆ. ಇಷ್ಟು ದಿನ ಬರೀ ಫೋನ್ ಎತ್ತುವುದು, ಇಡುವುದು. ಇವತ್ತು ಅಪ್ಪ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಾಗ ವಿಡಿಯೋ ತೋರಿಸಿದೆ. ಅಜ್ಜಿ, ಕಲ್ಲು, ಹಾರಿದ ಚೂರು. ನಲ್ಲಿ ಹರಿಯುತ್ತಲೇ ಇತ್ತು. ಅಮ್ಮ ಬಂದು ನಿಲ್ಲಿಸಿದಳು.

“ಎಡಗೈಯೇ ಅಲ್ವಾ?” ಅಂದರು ಅಪ್ಪ.

“ಹೌದಪ್ಪ.”

“ಹಾಗಾದ್ರೆ ಅದೊಂದು ಸರಿಯಾಗೇ ಹೇಳಿದೀನಿ.”

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಚೂರು ಕೇಳಿದರು. ಕೊಟ್ಟೆ. ಜೇಬಿಗೆ ಹಾಕಿಕೊಂಡು ರೂಮಿಗೆ ಹೋದರು.

ಅಮ್ಮ ಬಾಗಿಲವರೆಗೆ ಬಂದಳು. “ನಾಡಿದ್ದು ಭಾಷಣ ಮುಗಿದ್ಮೇಲೆ ಹೇಳಿದ್ರೆ ಆಗ್ತಿರ್ಲಿಲ್ವೇನೇ?” ನಾನು ಚಪ್ಪಲಿ ಮೆಟ್ಟಿ ಹೊರಟೆ.

ಮಾರ್ಚ್ 21, ಸಂಜೆ
ಬರೆಯಲೇಬೇಕು.

ಹಾಲ್ ಕಿಕ್ಕಿರಿದಿತ್ತು. ಅಪ್ಪ ಒಂದಕ್ಷರ ಬದಲಿಸಲಿಲ್ಲ! ಅವೇ ಸ್ಲೈಡು, ಅದೇ ವಾದ, ಅದೇ “ಮನುಷ್ಯನ ಮೊದಲ ಕೈಕೆಲಸ”. ನನ್ನ ಅಪ್ಪ, ಎಲ್ಲ ಗೊತ್ತಿದ್ದೂ... ಕೊನೆಗೆ ಒಂದೇ ಒಂದು ಹೊಸ ಸ್ಲೈಡು. ಪರದೆ ತುಂಬ ಅಜ್ಜಿಯ ಚೂರು. ಅದರ ಅಂಚನ್ನು ಹೊಗಳಿದರು. ಎಡಚನ ಕೆಲಸ ಎಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅಮ್ಮನೂ ತಟ್ಟಿದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

“ಪ್ರಶ್ನೆ ಇದ್ರೆ ಕೇಳಿ.” ಎಷ್ಟೋ ಜನ ಕೈ ಎತ್ತಿದರು. ಅಪ್ಪ ನೋಡಿದ್ದು ನನ್ನನ್ನೇ. ನಾನು ಕೈ ಎತ್ತಿರಲಿಲ್ಲ. ಆದರೂ ಮೈಕು ನನ್ನ ಕೈಗೇ ಕೊಡಿಸಿದರು.

ಅಗೆಯುವವರು ಯಾವ ಕಲ್ಲು ಕಂಡರೂ ಮೊದಲು ಕೇಳುವುದನ್ನೇ ಕೇಳಿದೆ. ಅವರೇ ಕಲಿಸಿದ ಪ್ರಶ್ನೆ.

“ಆ ಕೊನೇ ಚಕ್ಕೆ... ಎಷ್ಟು ಆಳದಲ್ಲಿ ಸಿಕ್ತು, ಸರ್?” ಅಪ್ಪ ಅನ್ನಲಾಗಲಿಲ್ಲ.

“ಆಳ ಏನಿಲ್ಲ. ಅದು ಈ ತಿಂಗಳದ್ದು.”

ಜೋಕು ಎಂದುಕೊಂಡು ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಮುಂದಿನ ಸಾಲು ಮೊದಲು ಸುಮ್ಮನಾಯಿತು, ಆಮೇಲೆ ಹಿಂದಿನವು. ಅಪ್ಪ ಜೇಬಿನಿಂದ ಚೂರು ತೆಗೆದು ಮೇಜಿನ ಮೇಲಿಟ್ಟರು. ನೀರು ಕುಡಿದರು. ಮೈಕು ಹತ್ತಿರ ಎಳೆದುಕೊಂಡರು.

“ಇದನ್ನ ಮಾಡಿದವಳು —”