ಹುಟ್ಟಿದ ಸ್ಥಳ: ಮಲಯ

ಮಾರ್ಚ್ 19

ಕೋವಿಗೆ ಎಣ್ಣೆ ಹಚ್ಚಿ ಆಯಿತು. ತಾತ ಅದನ್ನು ಹಳೇ ಪಂಚೆಯಲ್ಲಿ ಸುತ್ತಿ ಎರಡು ಕಡೆ ಹುರಿ ಬಿಗಿದ. ಪ್ರತಿ ಚುನಾವಣೆಗೂ ಇದೇ. ದಿನಾಂಕ ಘೋಷಣೆಯಾದ ಕೂಡಲೇ ಲೈಸೆನ್ಸ್ ಇರುವವರೆಲ್ಲ ಠಾಣೆಗೆ ಒಪ್ಪಿಸಬೇಕು. ಫಲಿತಾಂಶ ಬಂದ ಮೇಲೆ ವಾಪಸ್. ಒಂಟಿ ನಳಿಗೆ, ಕೇಪು ಹಾಕಿ ಹೊಡೆಯುವಂಥದು. ನಲವತ್ತು ವರ್ಷದಲ್ಲಿ ಒಂದು ಪ್ರಾಣಿಯನ್ನೂ ಕೊಂದಿಲ್ಲ. ಗಾಳಿಗೆ ಒಂದು ಈಡು — ಹಂದಿ ಹಿಂಡು ಕಾಡಿಗೆ. ಅಷ್ಟೇ ಅದರ ಕೆಲಸ.

ಬಸ್ಸಿನಲ್ಲಿ ಕಂಡಕ್ಟರ್: “ಏನ್ ಸಣ್ಣಬೀರಣ್ಣ, ಯಾರ್ನ ಹೊಡ್ಯಕ್ಕೆ ಹೊಂಟೆ?”

“ಎಲೆಕ್ಷನ್‌ಗೆ ನಿಂತವ್ರ್ನ ಬುಟ್ಟು ಇನ್ಯಾರ್ನೂ ಅಲ್ಲ ಕಣಪ್ಪ.”

ಇಡೀ ಬಸ್ಸು ನಕ್ಕಿತು. ಠಾಣೆಯಲ್ಲಿ ಕೋವಿ ಒಪ್ಪಿಸಿ, ತಾತ ರಸೀದಿ ಮಡಿಸಿ ಬನೀನಿನ ಜೇಬಿಗೆ ಹಾಕಿಕೊಂಡ.

ಏಪ್ರಿಲ್ 24

ಮೇ ಕೊನೆಗೆ ಲೈಸೆನ್ಸ್ ಮುಗಿಯುತ್ತದೆ. ಈಗ ರಿನ್ಯೂವಲ್ ಎಲ್ಲ ಆನ್‌ಲೈನ್. ಹ್ಯಾಂಡ್‌ಪೋಸ್ಟ್ ಸರ್ಕಲ್‌ನಲ್ಲಿ ಯತೀಶಣ್ಣನ ಕಂಪ್ಯೂಟರ್ ಸೆಂಟರಿನಲ್ಲಿ ದಿನಕ್ಕೆ ನಲವತ್ತು ಅರ್ಜಿ ತುಂಬುವವಳು ನಾನು — ತಾತನದ್ದು ಕಾಲು ಗಂಟೆಯ ಕೆಲಸ ಅಂದುಕೊಂಡೆ.

ಹುಟ್ಟಿದ ಸ್ಥಳ. ಹಳೇ ಲೈಸೆನ್ಸ್ ಪುಸ್ತಕದಲ್ಲಿ ನಮ್ಮೂರಿನ ಹೆಸರಿದೆ. ಸುಮ್ಮನೆ ಕೇಳಿದೆ. ತಾತ ನಕ್ಕ. “ಅದು ಮೇಷ್ಟ್ರು ಬರ್ಕಂಡಿದ್ದು ಕಣವ್ವ. ನಾ ಹುಟ್ಟಿದ್ದು ಮಲಯದಲ್ಲಿ. ರಬ್ಬರ್ ತೋಟದಲ್ಲಿ.”

ಇಪ್ಪತ್ತಮೂರು ವರ್ಷ ಒಂದೇ ಮನೆಯಲ್ಲಿದ್ದೇವೆ. ನನಗೆ ಗೊತ್ತೇ ಇರಲಿಲ್ಲ! ಮುತ್ತಜ್ಜ ಕೊಡಗಿನ ಕಾಫಿತೋಟದ ಒಬ್ಬ ಬಿಳಿ ದೊರೆಯ ಜೊತೆ ಹಡಗು ಹತ್ತಿ ಹೋಗಿದ್ದನಂತೆ. ಅಲ್ಲೇ ಸಂಸಾರ. 56ರಲ್ಲಿ ತಾತ ಹುಟ್ಟಿದ. ಮೂರು ವರ್ಷದ ಮಗುವನ್ನು ಹೆಗಲ ಮೇಲೆ ಹೊತ್ತು ಮುತ್ತಜ್ಜ ವಾಪಸ್ ಬಂದ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ ಒಂದು ಅಂತ ಹುಟ್ಟಿದ ದಿನ ಕೊಟ್ಟರು, ಊರನ್ನೂ ಅವರೇ ಕೊಟ್ಟರು.

ಯತೀಶಣ್ಣ: “ಲೇ ಪವಿ, ಹಳೇದ್ರಲ್ಲಿ ಇರೋದ್ನೇ ಹೊಡಿ. ಇಲ್ದಿದ್ ಉಸಾಬರಿ ಮೈಮೇಲೆ ಎಳ್ಕಬ್ಯಾಡ.”

ಆಗುವುದಿಲ್ಲ ಅಂದೆ. ಈ ಡೈರಿಯ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟವಳು ನಾನೇ: ಸರ್ಕಾರಕ್ಕೆ ಸುಳ್ಳು ಹೇಳಿದವರು ಸರ್ಕಾರದ ಸುಳ್ಳನ್ನು ಪ್ರಶ್ನಿಸಲಾರರು. ತಿಂಗಳಿಗೆ ನಾಲ್ಕು ಕಿರುಹೊತ್ತಗೆ ಓದಿ, ಸಂವಿಧಾನ, ಮಾಹಿತಿ ಹಕ್ಕು ಅಂತ ಊರಿಗೆಲ್ಲ ಹೇಳಿ, ನಮ್ಮ ಮನೆಯ ಅರ್ಜಿಗೇ ಸುಳ್ಳು ತುಂಬಲೆ?

ದೇಶಗಳ ಪಟ್ಟಿಯಲ್ಲಿ ಮಲಯ ಇಲ್ಲ. ಮಲೇಷಿಯಾ ಇದೆ — ತಾತ ಹುಟ್ಟಿದಾಗ ಆ ದೇಶವೇ ಇರಲಿಲ್ಲ. ಅದನ್ನೇ ಆರಿಸಿದೆ. ಕೂಡಲೇ ಇನ್ನೆರಡು ಕಾಲಂ ತೆರೆದವು. ಪಾಸ್‌ಪೋರ್ಟ್ ಸಂಖ್ಯೆ. ಪೌರತ್ವ ಪತ್ರದ ಸಂಖ್ಯೆ. ಎರಡಕ್ಕೂ “ಅನ್ವಯಿಸುವುದಿಲ್ಲ” ಎಂದೆ. ತೆಗೆದುಕೊಂಡಿತು.

ನಲವತ್ತು ವರ್ಷದಲ್ಲಿ ಮೊದಲ ಸಲ ತಾತನ ಅರ್ಜಿ ನಿಜ ಹೇಳಿದೆ. ಮನೆಗೆ ಹಾಡಿಕೊಂಡು ಬಂದೆ.

ಜೂನ್ 12

ಎಲ್ಲರ ಕೋವಿಯೂ ವಾಪಸ್ ಬಂತು. ತಾತ ಖಾಲಿ ಪಂಚೆ ಮಡಿಸಿಕೊಂಡು ಬಂದ. “ನಿಂದು ರಿನ್ಯೂ ಆಗಿಲ್ಲ” ಅಂದರಂತೆ. ಗೋಡೆಯ ಗೂಟಕ್ಕೆ ಪಂಚೆ ನೇತುಹಾಕಿದ.

ಜುಲೈ 9

ತಾಲ್ಲೂಕು ಕಚೇರಿ. ಐದನೇ ಸಲ. ಇವತ್ತು ಫೈಲ್ ಸಿಕ್ಕಿತು. ಗುಮಾಸ್ತರು ವೆಂಕಟೇಶ್ ಅಂತ. ಕೆಟ್ಟವರಲ್ಲ. ಅದೇ ಕಷ್ಟ.

“ಯಾರಮ್ಮ ನಿಮ್ಗೆ ಇದನ್ನ ಬರೀರಿ ಅಂದಿದ್ದು?”

“ಅದು ಸತ್ಯ ಸಾರ್.”

“ಸತ್ಯಕ್ಕೆ ದಾಖಲೆ ಎಲ್ಲಮ್ಮ? ಸುಳ್ಳಿಗಾದ್ರೆ ಇತ್ತು. ಸ್ಕೂಲ್ ಟೀಸೀಲೇ ಇತ್ತಲ್ಲ, ಊರಿನ ಹೆಸ್ರು.”

ತಾತ ಬೆಂಚಿನಿಂದ ಎದ್ದು ವೋಟರ್ ಕಾರ್ಡ್, ಆಧಾರ್, ಪಹಣಿ ಎಲ್ಲ ಮೇಜಿನ ಮೇಲಿಟ್ಟ. “ಸ್ವಾಮಿ, ನಾ ಹನ್ನೆರಡು ಎಲೆಕ್ಷನ್‌ಗೆ ಓಟಾಕಿವ್ನಿ.”

“ಓಟು ಹಾಕುಸ್ಕೊಳ್ಳೋರು ಬೇರೆ ಯಜಮಾನ್ರೇ. ಕೋವಿಗೆ ಪೌರತ್ವದ ಪತ್ರ ಬೇಕು. ಇವ್ಯಾವೂ ಅದಲ್ಲ.”

ತಾತ ಒಂದೊಂದೇ ಕಾಗದ ಎತ್ತಿಕೊಂಡ. ನೋಡದವಳಂತೆ ನಿಂತೆ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇನೆ. ಯಾವ ನಿಯಮ, ಯಾವ ದಿನಾಂಕ, ಯಾರ ಆದೇಶ. ಮೂವತ್ತು ದಿನ. ಬಿಡುವುದಿಲ್ಲ.

ಆಗಸ್ಟ್ 11

ಉತ್ತರ ಬಂತು. ಎರಡು ಸಾಲು. “ಸದರಿ ವಿಷಯ ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.”

ಜೋಳ ತೆನೆಗೆ ಹಾಲು ತುಂಬಿದೆ. ಹಂದಿಗೆ ವಾಸನೆ ಸಿಕ್ಕಿದೆ. ಕಾಡಂಚಿನ ಆರು ಸಾಲು ನೆಲಕ್ಕೆ ಮಲಗಿವೆ. ತಾತ ಡಬ್ಬ ಬಡಿಯುತ್ತಾನೆ, ಪಟಾಕಿ ಹಚ್ಚುತ್ತಾನೆ. ಮೊದಲ ವಾರ ಓಡಿದವು. ಈಗ ಪಟಾಕಿ ಅಂದರೆ ತಲೆಯೆತ್ತಿ ನೋಡಿ ಮತ್ತೆ ತಿನ್ನುತ್ತವಂತೆ. ತಾತನೊಬ್ಬನಿಂದ ಆಗುವುದಿಲ್ಲ. ಅಪ್ಪ ಇದ್ದಿದ್ದರೆ ಅವನು ಹೋಗುತ್ತಿದ್ದ. ಅವನು ಸತ್ತು ನಾಲ್ಕು ವರ್ಷ. ಈಗ ಹೊಲ ಕಾಯಲು ಅವ್ವ ಹೊರಟಿದ್ದಾಳೆ.

ಕೊಪ್ಪದ ಸೇತುವೆ ದಾಟಿ ಕೊಡಗಿಗೆ ಹೋದರೆ ಕೆಲವು ಮನೆತನಕ್ಕೆ ಕೋವಿಗೆ ಲೈಸೆನ್ಸೇ ಬೇಡ. ಆ ಮನೆಯಲ್ಲಿ ಹುಟ್ಟಿದರೆ ಸಾಕು. ಇಲ್ಲಿ ತಾತ ಹುಟ್ಟಿದ ಜಾಗವೇ ತಪ್ಪಾಗಿದೆ. ಇದರ ಬಗ್ಗೆ ಒಂದು ಲೇಖನ ಬರೆಯಬೇಕು...

ಬರೆದರೆ ಹಂದಿ ಓದುತ್ತದೆಯೆ.

ಆಗಸ್ಟ್ 30

ಅವ್ವನನ್ನು ಹಂದಿ ತಿವಿದಿದೆ. ಬಲತೊಡೆ. ಇಪ್ಪತ್ತೆರಡು ಹೊಲಿಗೆ. ಕೋಟೆ ತಾಲ್ಲೂಕು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ತಾತನ ಅಂಗಿಯಲ್ಲಿ ಅವಳ ರಕ್ತ. ಯಾರೂ ನನ್ನನ್ನು ಏನೂ ಅನ್ನುತ್ತಿಲ್ಲ.

ಸೆಪ್ಟೆಂಬರ್ 19

ಅವ್ವ ಗೋಡೆ ಹಿಡಿದು ನಡೆಯುತ್ತಾಳೆ. ಜೋಳದಲ್ಲಿ ಉಳಿದದ್ದು ದನಕ್ಕೆ ಕೊಯ್ದೆವು. ಸೆಂಟರಿನಲ್ಲಿ ಯಾರದೋ ಅರ್ಜಿಯಲ್ಲಿ ಹುಟ್ಟಿದ ಸ್ಥಳ ಬಂದರೆ ಕೈ ನಿಲ್ಲುತ್ತದೆ. ಕೇಳುವುದಿಲ್ಲ. ಕೊಟ್ಟದ್ದನ್ನು ಹೊಡೆಯುತ್ತೇನೆ.

ಇವತ್ತು ವಿಚಾರಣೆಗೆ ಠಾಣೆಯಿಂದ ಕಾನ್ಸ್‌ಟೇಬಲ್ ಕಿರಣ್‌ಕುಮಾರ್ ಬಂದಿದ್ದರು. ಮಜ್ಜಿಗೆ ಕುಡಿದರು. ಅವ್ವನ ಕಾಲು ನೋಡಿದರು. ಹೊರಡುವಾಗ ನನ್ನನ್ನು ಕೊಟ್ಟಿಗೆ ಕಡೆ ಕರೆದರು.

“ನೋಡವ್ವ, ಅಕ್ಟೋಬರ್ ಹತ್ತಕ್ಕೆ ಫೈಲ್ ಕ್ಲೋಸು. ಆಮೇಲೆ ಲೈಸೆನ್ಸ್ ಕ್ಯಾನ್ಸಲ್, ಕೋವಿ ಮೈಸೂರ್ಗೋಯ್ತದೆ. ತಿರುಗಿ ಬರಕಿಲ್ಲ. ಒಂದ್ ಅಫಿಡವಿಟ್ ಮಾಡ್ಸು. ಹುಟ್ಟಿದ್ದು ಇದೇ ಊರು, ಮಲೇಷಿಯಾ ಅಂತ ಬಿದ್ದಿರೋದು ಟೈಪಿಂಗ್ ಮಿಸ್ಟೇಕು. ತಾತನ ಸೈನು, ಜೊತೇಲಿ ಟೀಸಿ. ಮುಗೀತು.”

“ಅದು ಸುಳ್ಳಲ್ವ ಸಾರ್.”

“ಮತ್ತೆ ಸತ್ಯ ಏನ್ ಮಾಡ್ತು ಅನ್ನೋದು ಒಳ್ಗಡೆ ಮಲ್ಗೈತಲ್ಲ.”

ಸೆಪ್ಟೆಂಬರ್ 27

ಟೈಪ್ ಮಾಡಿದೆ. ನಾನೇ. “ನನ್ನ ಮೊಮ್ಮಗಳ ಕೈತಪ್ಪಿನಿಂದ.” ಸಂಜೆ ತಾತನ ಮುಂದೆ ಕಾಗದ ಇಟ್ಟು ಓದಿದೆ. ಪೆನ್ನು ಕೊಟ್ಟೆ. ತಾತ ತೆಗೆದುಕೊಳ್ಳಲಿಲ್ಲ.

“ಬ್ಯಾಡ ಕಣವ್ವ.”

“ನಲ್ವತ್ತು ವರ್ಸದಿಂದ ಇದೇ ಸುಳ್ಳಿತ್ತಲ್ಲ ತಾತ?”

“ಅದು ಮೇಷ್ಟ್ರುದು. ನಾ ಹೇಳಿದ್ದಲ್ಲ. ಮಲಯದ ಹೆಸ್ರ್ನ ಬಾಯಲ್ಲಿ ಎತ್ತೇ ಇರ್ನಿಲ್ಲ ನಾನು. ನೀ ಕೇಳ್ದೆ. ಕೇಳ್ದಾಗ್ನಿಂದ ನಮ್ಮವ್ವ ದಿನಾ ಗ್ಯಾಪ್ಕಕ್ಕೆ ಬತ್ತಾವ್ಳೆ. ಅವ್ಳ ಮಖ ಕಂಡೋನಲ್ಲ ನಾನು. ನನ್ನ ಹೆತ್ತು ಅಲ್ಲೇ ಮಣ್ಣಾದೋಳು. ಈಗ ನಾ ಇಲ್ಲೇ ಹುಟ್ಟಿದ್ದು ಅಂತ ನನ್ನ ಕೈಯಾರ ಬರ್ಕೊಟ್ರೆ, ಅವ್ಳು ಎಲ್ಲೋಗ್ಬೇಕು?”

ಕೂಗಾಡಿದೆ. “ಇಲ್ಲಿರೋ ಅವ್ವನ ಕಾಲ ನೋಡ್ದಾ ತಾತ?” ಅಂದೆ. ಅನ್ನಬಾರದಿತ್ತು.

ತಾತ ಮೆಲ್ಲಗೆ, “ನೀನೇ ಅಲ್ವ ಮಗ ನಿಜ ಬರೀಬೇಕು ಅಂದಿದ್ದು?”

ಅಣಕವಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ.

ಅಕ್ಟೋಬರ್ 9

ರಾಗಿ ತೆನೆ ಕಟ್ಟುತ್ತಿದೆ. ಅವ್ವ ಡಬ್ಬ ಮತ್ತು ಕೋಲು ಬಾಗಿಲ ಪಕ್ಕ ಇಟ್ಟುಕೊಂಡಿದ್ದಾಳೆ.

“ಎಲ್ಗವ್ವ?”

“ಇನ್ಯೆಲ್ಗೆ, ಹೊಲುಕ್ಕೆ. ಇನ್ನೊಂದ್ ಕಾಲೈತಲ್ಲ.”

ತಾನೇ ನಕ್ಕಳು. ತಾತ ಎದ್ದು ಹೋದ.

ಅಕ್ಟೋಬರ್ 10, ಬೆಳಿಗ್ಗೆ 10.50

ನಾಳೆ ಆಯುಧ ಪೂಜೆ. ಕಚೇರಿ ರಜ. ಫೈಲಿಗೆ ಇವತ್ತು ನಾಲ್ಕು ಗಂಟೆಯವರೆಗೆ ಸಮಯ. ಬಸ್ಸು ಹನ್ನೊಂದೂಕಾಲಿಗೆ.

ತಾತ ಜಗಲಿಯಲ್ಲಿ ಕೂತು ಸಾಮಾನು ತೊಳೆಯುತ್ತಿದ್ದಾನೆ. ಕುಡುಗೋಲು, ಮಚ್ಚು, ನೇಗಿಲ ಗುಳ, ಔಷಧಿ ಹೊಡೆಯುವ ಪಂಪು. ಒಂದರ ಪಕ್ಕ ಒಂದು. ಮಚ್ಚಿಗೂ ಪಂಪಿಗೂ ನಡುವೆ ಪಂಚೆ ಹಾಸಿದ್ದಾನೆ. ಉದ್ದಕ್ಕೆ. ಅದರ ಮೇಲೆ ಏನೂ ಇಟ್ಟಿಲ್ಲ.

ಕೋಟೆಯ ನೋಟರಿ ಸಹಿ ಹಾಕಿದವರನ್ನು ಕಣ್ಣಾರೆ ನೋಡಬೇಕು ಅನ್ನುವುದಿಲ್ಲವಂತೆ. ಸಹಿ ಇದ್ದರೆ ಸೀಲು ಹಾಕುತ್ತಾರೆ. ಯತೀಶಣ್ಣ ಹೇಳಿದ. ನಾನು ಕೇಳಿದೆ, ಅದಕ್ಕೆ ಹೇಳಿದ.

ತಾತನ ಸಹಿ ಚಿಕ್ಕಂದಿನಿಂದ ನೋಡಿದ್ದೇನೆ. ನನ್ನ ಪ್ರೋಗ್ರೆಸ್ ಕಾರ್ಡಿನ ಮೇಲೆಲ್ಲ ಅದೇ. ಒಂದೊಂದೇ ಅಕ್ಷರ ನೆಟ್ಟ ಹಾಗೆ ಬರೆಯುತ್ತಾನೆ.

ಸಣ್ಣಬೀರಯ್ಯ

ಸಣ್ಣಬೀರಯ್ಯ

ತುಂಬ ದುಂಡಗಾಯಿತು. ಅವನದು ಎಡಕ್ಕೆ ವಾಲುತ್ತದೆ.

ಸಣ್ಣಬೀರಯ್ಯ

ಇದು ಪರವಾಗಿಲ್ಲ. ಕೊನೆಯ ಬಾಲ ಉದ್ದ ಬೇಕು. ಕೆಂಪು ಶಾಯಿಯ ಮೊದಲ ಪುಟ ತಿರುಗಿಸಿ ನೋಡಿಲ್ಲ. ನೋಡುವುದಿಲ್ಲ.

ಹೊರಗಿನಿಂದ ತಾತ: “ಪವೀ, ಕುಂಕುಮದ ಬಟ್ಲು ತತ್ತಾ ಕಣವ್ವ. ನಿನ್ನ ಪೆನ್ನೂ ತತ್ತಾ, ನಾಳೆ ಪೂಜೆಗಿಡಾನ. ಅದೂ ಆಯ್ದವೇ ಅಲ್ವ.”

ಬಂದೆ ತಾತ ಅಂದೆ.

ಇನ್ನೊಂದೇ ಸಲ.

ಸಣ್ಣಬೀ