ನೀರಿನ ತೊಟ್ಟಿಯ ಹಿಂದಿನ ಗುಂಡಿ

ಕ್ಯಾಂಪು, ಮೂರನೇ ಶೆಡ್ಡು
ಮೇ ಹದಿನೆಂಟು, ಭಾನುವಾರ

ನನ್ನ ಜಗಳಗಂಟಿ ಮಗಳಿಗೆ ಅಮ್ಮನ ತುಂಬು ಪ್ರೀತಿ.

ನಿನ್ನ ಎರಡೂ ಕಾಗದ ಒಟ್ಟಿಗೇ ಕೈ ಸೇರಿದವು. ಇಲ್ಲಿ ಟಪಾಲು ಬರುವುದು ಸರಕು ಹಡಗಿನಲ್ಲಿ, ಅದು ಬರುವುದು ಸಮುದ್ರಕ್ಕೆ ಮನಸ್ಸಾದಾಗ. ಹಾಗಾಗಿ ಮೊದಲನೆಯದರಲ್ಲಿ ನೀನು ಬೈದಿದ್ದನ್ನೂ, ಎರಡನೆಯದರಲ್ಲಿ "ಬೈದಿದ್ದಕ್ಕೆ ಉತ್ತರ ಯಾಕಿಲ್ಲ" ಅಂತ ಮತ್ತೆ ಬೈದಿದ್ದನ್ನೂ ಒಂದೇ ಗುಕ್ಕಿಗೆ ಓದಿದೆ. ಫೋನು ಮಾಡೋಣವೆಂದರೆ ಬಂಡೆಯ ತುದಿಗೆ ಹೋಗಿ ಒಂಟಿ ಕಾಲಲ್ಲಿ ನಿಂತರೂ ಸಿಗ್ನಲ್ ಬರುವುದಿಲ್ಲ. ಅದಕ್ಕೇ ಇವತ್ತು ರಜಾ ಇರುವಾಗ ಕೂತು ಬರೆಯುತ್ತಿದ್ದೇನೆ. ಆರೋಗ್ಯವಾಗಿದ್ದೇನೆ. ಸೊಂಟ ಮಾತ್ರ ಆಗಾಗ ನಾನಿದ್ದೇನೆ ಅನ್ನುತ್ತದೆ.

ಐವತ್ಮೂರನೇ ವಯಸ್ಸಿಗೆ, ಊರಲ್ಲಿ ಬೇಕಾದಷ್ಟು ಕೆಲಸ ಇರುವಾಗ, ಸೈನ್ಯ ಬಿಟ್ಟುಹೋದ ಈ ಗಾಳಿಬಂಡೆ ದ್ವೀಪಕ್ಕೆ ವಿಷ ಬಗೆಯಲು ಯಾಕೆ ಹೋದೆ ಅಂತ ಕೇಳಿದ್ದೀಯ. ಅದಕ್ಕೆ ಉತ್ತರ ಕೊಡುತ್ತೇನೆ. ಮೊದಲು ಈ ವಾರ ಇಲ್ಲಿ ಏನಾಯಿತು ಕೇಳು. ಹೇಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ.

ಈ ನೆಲೆ ಮುಚ್ಚಿ ಮೂವತ್ತು ವರ್ಷವಾಗಿದೆ. ಸೈನಿಕರು ಹೋಗುವ ಮೊದಲು ಬೇಡದ್ದನ್ನೆಲ್ಲ ಡ್ರಮ್ಮುಗಳಲ್ಲಿ ತುಂಬಿ ಹೂತಿದ್ದರು. ಸುಟ್ಟ ಎಂಜಿನ್ ಎಣ್ಣೆ, ಟ್ರಾನ್ಸ್‌ಫಾರ್ಮರ್ ಎಣ್ಣೆ, ಬಣ್ಣ ಕೆರೆಯುವ ದ್ರಾವಣ, ಹೀಗೆ. ಹಳೇ ಪಟ್ಟಿಯ ಪ್ರಕಾರ ಗುಂಡಿ ಒಂದೇ, ಎಂಜಿನ್ ಶೆಡ್ಡಿನ ಹಿಂದೆ. ಮುನ್ನೂರು ಡ್ರಮ್ಮು. ನಾಲ್ಕು ತಿಂಗಳಲ್ಲಿ ಅಷ್ಟನ್ನೂ ತೆಗೆದೆವು. ಅಗೆಯುವವಳು ನಾನು, ನನ್ನ ಜೆಸಿಬಿ. ಮಣ್ಣು, ನೀರು ಪರೀಕ್ಷೆ ಮಾಡುವವಳು ಲ್ಯಾಬಿನವಳು. ಯಾವಾಗ ನೋಡಿದರೂ ಎರಡು ಕೈಯಲ್ಲೂ ಬಾಟಲಿ ಹಿಡಿದಿರುವುದರಿಂದ ಅವಳನ್ನು ಬಾಟಲಿ ಮೇಡಂ ಅನ್ನುತ್ತೇವೆ. ಎಲ್ಲರ ಮೇಲೆ ಇಂಜಿನಿಯರು. ಒಳ್ಳೆಯ ಮನುಷ್ಯನೇ, ಆದರೆ ಕಾಗದದಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಅನ್ನುವ ಪೈಕಿ.

ಸೋಮವಾರ ಬೆಳಿಗ್ಗೆ ಇಂಜಿನಿಯರು ಎಲ್ಲರನ್ನೂ ಊಟದ ಶೆಡ್ಡಿಗೆ ಕರೆದು, ಕೆಲಸ ಮುಗಿಯಿತು, ಗುರುವಾರ ಕೊನೆಯ ಹಡಗು, ಆಮೇಲೆ ಮಳೆ ಹಿಡಿದರೆ ಸಮುದ್ರ ನಾಲ್ಕು ತಿಂಗಳು ಯಾರ ಮಾತೂ ಕೇಳುವುದಿಲ್ಲ, ಗಂಟುಮೂಟೆ ಕಟ್ಟಿ ಅಂದರು. ಒಂದು ಹಾಳೆ ಕೊಟ್ಟರು. "ನನಗೆ ತಿಳಿದಮಟ್ಟಿಗೆ ಇಲ್ಲಿ ಯಾವ ತ್ಯಾಜ್ಯವೂ ಉಳಿದಿಲ್ಲ" ಅಂತ ಅದರಲ್ಲಿ ಬರೆದಿತ್ತು. ಎಲ್ಲರೂ ಸಹಿ ಹಾಕಿದರು. ಪೆನ್ನು ನನ್ನ ಕೈಗೆ ಬಂತು. ನಾನು ಕೆಳಗಿಟ್ಟೆ.

ಯಾಕೆಂದರೆ ಅದರ ಹಿಂದಿನ ಶನಿವಾರ ನೀರಿನ ತೊಟ್ಟಿಯ ಹಿಂದೆ ಲಾರಿಗೆ ದಾರಿ ಸಮ ಮಾಡುವಾಗ ನನ್ನ ಬಕೆಟ್ಟು ಸಲೀಸಾಗಿ ಒಳಗೆ ಹೋಗಿಬಿಟ್ಟಿತ್ತು. ಈ ಬಂಡೆಯ ಮೇಲೆ ಎಲ್ಲಿ ಅಗೆದರೂ ಒಂದೂವರೆ ಅಡಿಗೆ ಗಟ್ಟಿ ಪದರ ಸಿಗುತ್ತದೆ. ಬಕೆಟ್ಟಿನ ಹಲ್ಲು ತಾಗಿದರೆ ಕರಕರ ಅನ್ನುತ್ತದೆ, ಆ ಸದ್ದು ಲಿವರ್ ಹಿಡಿದ ಅಂಗೈಗೇ ಬರುತ್ತದೆ. ಅಲ್ಲಿ ಸದ್ದೇ ಇಲ್ಲ. ಅಡಿಯಲ್ಲಿರಬೇಕಾದ ಹಳದಿ ಮರಳು ಮೇಲೆ ಬಂದಿತ್ತು, ಮೇಲಿರಬೇಕಾದ ಕಪ್ಪು ಮಣ್ಣು ಕೆಳಗೆ. ನೆಲ ತಾನಾಗಿ ಮಗ್ಗುಲು ಬದಲಿಸುವುದಿಲ್ಲ ಮಗಳೇ. ಯಾರೋ ಅಗೆದು ಮುಚ್ಚಿದ್ದರು.

ಇಂಜಿನಿಯರು ಯಾವುದೋ ಪೈಪು ಹಾಕಿರಬಹುದು ಅಂದರು. ಯಾವ ಉಪಕರಣದಲ್ಲಿ ಅಳೆದಿರಿ ಅಂತಲೂ ಕೇಳಿದರು. ನನಗೆ ರೇಗಿತು. "ಈ ಉಪಕರಣದಲ್ಲಿ ಸಾರ್" ಅಂತ ಎರಡೂ ಅಂಗೈ ಅವರ ಮುಖದ ಮುಂದೆ ಹಿಡಿದೆ. ಎಲ್ಲರೂ ನಕ್ಕರು. ಇಂಜಿನಿಯರು ನಗಲಿಲ್ಲ. ಹಡಗು ಸುಮ್ಮನೆ ನಿಲ್ಲಿಸಿದರೆ ತಮ್ಮ ತಲೆ ಹೋಗುತ್ತದೆ ಅಂದರು. ನನಗೆ ಒಂದು ದಿನ ಕೊಡಿ, ಏನೂ ಸಿಗದಿದ್ದರೆ ನಾನೂ ಸಹಿ ಹಾಕುತ್ತೇನೆ, ಇನ್ನು ಎಲ್ಲೂ ಲಿವರ್ ಮುಟ್ಟುವುದಿಲ್ಲ ಅಂದುಬಿಟ್ಟೆ. ಅಂದ ಮೇಲೆ ನಾಲಗೆ ಕಚ್ಚಿಕೊಂಡೆ. ಈ ಕೆಲಸ ಬಿಟ್ಟರೆ ನನಗೆ ಬೇರೇನು ಬರುತ್ತದೆ ಹೇಳು?

ಆಗ ಬಾಟಲಿ ಮೇಡಂ ಎದ್ದಳು. "ಸಾರ್, ನನ್ನ ಸಹಿ ವಾಪಸ್ ಕೊಡಿ. ಮೊದಲು ಅಲ್ಲಿ ಒಂದು ತೂತು ಕೊರೀತೀನಿ" ಅಂದಳು. ಅವಳು ಕೊರೆದು, ಕೊಳವೆ ಇಳಿಸಿ, ಅದರ ಬಾಯಿಗೆ ವಿಷದ ಆವಿ ಅಳೆಯುವ ಮೀಟರು ಹಿಡಿದಳು. ಅಂಕಿ ಎಲ್ಲಿಂದೆಲ್ಲಿಗೋ ಹಾರಿತು. ಅವಳು ನನ್ನ ಮುಖ ನೋಡಿದಳು, ನಾನು ಇಂಜಿನಿಯರ ಮುಖ ನೋಡಿದೆ, ಇಂಜಿನಿಯರು ಬೇರೆ ಯಾರೂ ಇಲ್ಲದ್ದಕ್ಕೆ ಸಮುದ್ರ ನೋಡಿದರು. ಆಮೇಲೆ ಮೆಲ್ಲಗೆ, "ಶುರು ಮಾಡಿ ಅಮ್ಮಾ" ಅಂದರು.

ಆರು ಅಡಿಗೆ ಮೊದಲ ಡ್ರಮ್ಮಿನ ಅಂಚು ಕಂಡಿತು. ಒಟ್ಟು ಎಂಬತ್ತೇಳು! ತುಕ್ಕು ತಿಂದು ತಿಂದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿದ್ದವು. ಸರಪಳಿ ಹಾಕಿ ಎತ್ತಿದರೆ ಕೈಯಲ್ಲೇ ಹರಿದುಹೋಗುವ ಹಾಗಿದ್ದವು. ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಾಗ ನನಗೆ ಒಂದು ಉಪಾಯ ಹೊಳೆಯಿತು. ಬಕೆಟ್ಟಿನಲ್ಲಿ ಒಣ ಮರಳು ಹಾಸಿಕೊಂಡೆ. ಡ್ರಮ್ಮಿನ ಕೆಳಗಿನ ಮಣ್ಣಿನ ಸಮೇತ ಮೆಲ್ಲಗೆ ತೂರಿಸಿ, ಮಲಗಿದ ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ದೊಡ್ಡ ಪೀಪಾಯಿಯೊಳಕ್ಕೆ ಇಳಿಸಿದೆ. ಒಂದೊಂದಕ್ಕೆ ಇಪ್ಪತ್ತು ನಿಮಿಷ. ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ, ಮುಖವೆಲ್ಲ ಮುಚ್ಚುವ ಮಾಸ್ಕು, ಒಳಗೆ ಬೆವರಿನ ಹೊಳೆ. ಬೆಳಗಿನಿಂದ ಬೆಳಕಿರುವವರೆಗೆ, ನಾಲ್ಕು ದಿನ. ಎತ್ತುವಾಗ ಒಂದು ತೊಟ್ಟೂ ನೆಲಕ್ಕೆ ಬೀಳಲಿಲ್ಲ. ಇದನ್ನು ಇನ್ನೊಂದು ಸಲ ಬರೆಯಲಾ? ಒಂದು ತೊಟ್ಟೂ ಬೀಳಲಿಲ್ಲ.

ಆದರೆ ತಳದಲ್ಲಿದ್ದ ಒಂದು ಮೊದಲೇ ತೂತಾಗಿತ್ತು. ಅದರ ಎಣ್ಣೆ ಬಂಡೆಯ ಬಿರುಕಿನ ಕಡೆ ಹೊರಟಿತ್ತು. ಆ ಬಿರುಕಿನ ಕೆಳಗೆ ಒರತೆ ಇದೆ, ಇಲ್ಲಿನ ದಡದ ಬೆಸ್ತರ ಮನೆಗಳಿಗೆಲ್ಲ ಕುಡಿಯುವ ನೀರು ಅದೊಂದೇ. ಬಾಟಲಿ ಮೇಡಂ ಅಡಿ ಅಡಿಗೂ ಮಣ್ಣು ತೆಗೆದು ನೋಡಿದಳು. ವಿಷ ಬಿರುಕಿಗೆ ಒಂಬತ್ತು ಅಡಿ ಈಚೆಗೇ ನಿಂತಿತ್ತು. ನಮ್ಮ ಗುಲಾಬಿ ಬಣ್ಣದ ಅಡುಗೆಮನೆ ಇದೆಯಲ್ಲ, ಅದರಷ್ಟು ಉದ್ದ. ಆ ಮಣ್ಣನ್ನೂ ಕೆರೆದು ತೆಗೆದೆ. ಒರತೆಯ ನೀರಿನ ಪರೀಕ್ಷೆ ಮೂರು ಸಲ ಮಾಡಿದಳು, ಮೂರು ಸಲವೂ ಚೊಕ್ಕ. ಕೊಡ ಹಿಡಿದು ಬಂದ ಬೆಸ್ತರ ಮುದುಕಿಗೆ ಅದನ್ನು ಹೇಳಿದಾಗ ಆಕೆ ಜೆಸಿಬಿಯ ಹತ್ತಿರ ಹೋಗಿ ಅದರ ಮೂತಿ ಸವರಿ ಹೋದಳು. ನನಗೆ ಕಣ್ಣು ತುಂಬಿ ಬಂತು. ಮಾಸ್ಕು ಇತ್ತು, ಯಾರಿಗೂ ಕಾಣಲಿಲ್ಲ.

ಹಡಗನ್ನು ಶನಿವಾರದವರೆಗೆ ಹಿಡಿದು ನಿಲ್ಲಿಸಿದ್ದು ಇಂಜಿನಿಯರೇ. ತಲೆ ಹೋಗಲಿಲ್ಲ, ಇನ್ನೂ ಕತ್ತಿನ ಮೇಲೇ ಇದೆ. ನಿನ್ನೆ ಕೊನೆಯ ಪೀಪಾಯಿ ಹಡಗು ಹತ್ತಿದ ಮೇಲೆ ಅವರೇ ಚಹಾ ಹಿಡಿದುಕೊಂಡು ನನ್ನ ಕ್ಯಾಬಿನ್ ಹತ್ತಿರ ಬಂದರು. ಮುಂದಿನ ನೆಲೆಯಲ್ಲಿ ಎಲ್ಲಿ ಅಗೆಯಬೇಕು ಅನ್ನುವುದನ್ನು ಪಟ್ಟಿಗಿಂತ ಮೊದಲು ನಿಮ್ಮನ್ನು ಕೇಳುತ್ತೇನೆ ಅಂದರು. ಅಷ್ಟು ಹೇಳಲು ಅವರಿಗೆ ಅರ್ಧ ಲೋಟ ಚಹಾ ಬೇಕಾಯಿತು, ಪಾಪ.

ಇನ್ನೊಂದು ಮಾತು. ನಿನ್ನ ಶಾಲೆಯ ಸ್ಟಾಫ್ ರೂಮಿನಲ್ಲಿ ನಮ್ಮಮ್ಮ ಸೂಪರ್‌ವೈಸರ್ ಅಂತ ಹೇಳಿಕೊಂಡಿದ್ದೀಯ. ನನಗೆ ಗೊತ್ತು. ನಿನ್ನ ಹೆಡ್‌ಮಿಸ್ ಮದುವೆ ಮನೆಯಲ್ಲಿ ಸಿಕ್ಕಾಗ ನನ್ನನ್ನು "ಸೂಪರ್‌ವೈಸರ್ ಮೇಡಂ" ಅಂದರು. ನಾನೂ ತಲೆ ಅಲ್ಲಾಡಿಸಿದೆ, ನಿನ್ನ ಮಾನ ಕಾಪಾಡಬೇಕಲ್ಲ. ಇನ್ನು ಅಲ್ಲಾಡಿಸುವುದಿಲ್ಲ. ಕೇಳಿದವರಿಗೆ, ನಮ್ಮಮ್ಮ ಜೆಸಿಬಿ ಓಡಿಸುತ್ತಾಳೆ ಅನ್ನು. ಎಂಬತ್ತೇಳರ ಲೆಕ್ಕವನ್ನೂ ಹೇಳು. ಆಮೇಲೂ ಯಾರಾದರೂ ಮೂಗು ಮುರಿದರೆ ನನ್ನ ಹತ್ತಿರ ಕಳಿಸು.

ಹಡಗು ಪೀಪಾಯಿಗಳಿಂದಲೇ ತುಂಬಿ ನಮಗೆ ಜಾಗ ಉಳಿಯಲಿಲ್ಲ, ಅದಕ್ಕೇ ಈ ಕಾಗದ ಇವತ್ತಿನ ಮೀನಿನ ದೋಣಿಯಲ್ಲಿ ಬರುತ್ತದೆ, ನಾನು ಬುಧವಾರದ ದೋಣಿಗೆ ಹೊರಡುತ್ತೇನೆ. ಹಾಸಿಗೆ ಬಿಸಿಲಿಗೆ ಹಾಕಿರು.

ಇತಿ, ಅಂಗೈಗೆ ಬೊಕ್ಕೆ ಬಂದಿದ್ದರೂ ತಲೆ ಎತ್ತಿಕೊಂಡು ತಿರುಗುತ್ತಿರುವ
ನಿನ್ನ ಅಮ್ಮ

ತಾ.ಕ.: ಯಾಕೆ ಬಂದೆ ಅನ್ನುವುದನ್ನು ಬರೆಯದೆಯೇ ಸಹಿ ಹಾಕಿದೆ ನೋಡು. ಕೈ ಹಿಂಜರಿಯಿತು. ನಿಮ್ಮಪ್ಪ ನಮ್ಮ ಮದುವೆಗೆ ಮುಂಚೆ ಸೈನ್ಯಕ್ಕೆ ಗುತ್ತಿಗೆ ಲಾರಿ ಓಡಿಸುತ್ತಿದ್ದರು ಅಂತ ನಿನಗೆ ಗೊತ್ತು. ಎಲ್ಲಿ ಅಂತ ನಾವು ಹೇಳಿರಲಿಲ್ಲ. ಇಲ್ಲೇ. ಆಸ್ಪತ್ರೆಯಲ್ಲಿ ಅವರ ಕೊನೆಯ ವಾರ, ನೀನು ಔಷಧಿ ತರಲು ಹೋಗಿದ್ದಾಗ ನನ್ನ ಕೈ ಹಿಡಿದು, "ಕಾಗದದಲ್ಲಿ ಗುಂಡಿ ಒಂದೇ, ನಾವು ತುಂಬಿದ್ದು ಎರಡು ಕಣೇ. ಬೆಸ್ತರು ಒರತೆ ನೀರು ಕುಡಿಯೋದು ಗೊತ್ತಿದ್ದೂ ಸುಮ್ಮನಿದ್ದೆ" ಅಂದರು. ತುಂಬಿದ್ದು ಮಂಜು ಮುಸುಕಿದ ಬೆಳಗಿನಲ್ಲಂತೆ, ಎಲ್ಲಿ ಅನ್ನುವುದು ಅವರಿಗೂ ನೆನಪಿರಲಿಲ್ಲ. ನಾಲ್ಕು ತಿಂಗಳು ಎಲ್ಲಿ ಬಕೆಟ್ಟು ಇಳಿಸಿದರೂ ನಾನು ಹುಡುಕಿದ್ದು ಅದನ್ನೇ. ಬಂದ ದಿನವೇ ಇಂಜಿನಿಯರಿಗೆ ಹೇಳಬೇಕಿತ್ತು. ನಿಮ್ಮಪ್ಪನ ಹೆಸರು ಯಾವುದೋ ಕಡತದಲ್ಲಿ ತಪ್ಪಿತಸ್ಥನಾಗಿ ಉಳಿಯುತ್ತದೆ ಅಂತ ಬಾಯಿ ಕಟ್ಟಿಹೋಯಿತು. ಅದು ನನ್ನ ತಪ್ಪೇ. ಇವತ್ತು ಬೆಳಿಗ್ಗೆ ಬಾಟಲಿ ಮೇಡಂಗೆ ಎಲ್ಲ ಹೇಳಿದೆ. ವರದಿಯಲ್ಲಿ ಏನಂತ ಬರೆಯಲಿ ಅಂದಳು. ಇಲ್ಲಿ ಕೆಲಸ ಮಾಡಿ ಹೋದ ಅಷ್ಟೂ ಜನರಲ್ಲಿ ಬಾಯಿ ಬಿಟ್ಟವರು ನಿಮ್ಮಪ್ಪ ಒಬ್ಬರೇ ಮಗಳೇ. "ಎರಡನೇ ಗುಂಡಿ ಇದೆ ಅಂತ ಹೂತವರೇ ಹೇಳಿದರು, ಅವರ ಹೆಂಡತಿ ಹುಡುಕಿ ತೆಗೆದಳು ಅಂತ ಬರಿ" ಅಂದೆ. ಹಾಗೇ ಬರೆದಿದ್ದಾಳೆ.