ತಳದ ಹಲಗೆಯ ಕೆಳಗೆ

ದೋಣಿ ಕೊಟ್ಟಿಗೆಯ ಮೇಲಿನ ಕೋಣೆ,
ಗುರುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಬೆನ್ನುನೋವು ಹೇಗಿದೆ? ದ್ವೀಪದ ಶಾಲೆಯವರು ಆ ಗಟ್ಟಿ ಕುರ್ಚಿಯನ್ನು ಬದಲಾಯಿಸಿದರೇ? ಪುಟ್ಟಿಯ ಕೆಮ್ಮು ನಿಂತಿತೆಂದು ಭಾವ ಹೇಳಿದರು. ಅವರು ಹೇಳಿದ್ದನ್ನು ಇತ್ತೀಚೆಗೆ ಅರ್ಧ ಮಾತ್ರ ನಂಬುವುದರಿಂದ ನಿನ್ನನ್ನೇ ಕೇಳುತ್ತಿದ್ದೇನೆ. ನಾನು ಎಂದಿನಂತಿದ್ದೇನೆ.

ಶಾಲೆಗೆ ರಜೆಯಲ್ಲವೇ, ಈ ಭಾನುವಾರ ನಿಮ್ಮಿಬ್ಬರನ್ನೂ ನಮ್ಮ ದೋಣಿಯಲ್ಲೇ ಕರೆತರುವುದಾಗಿ ಭಾವ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಾರೆ. ನನಗೆ ಅನುಮಾನ ಹುಟ್ಟಿದ್ದು ದೋಣಿ ಮುಳುಗಿಸುವ ವಿಷಯದಲ್ಲಿ. ಪ್ರತಿವರ್ಷ ಕಡಲಿಗಿಳಿಸುವ ಮುನ್ನ ಅಪ್ಪ ಎದೆಮಟ್ಟದ ನೀರಿನಲ್ಲಿ ತಳದ ಬಿರಡೆ ಕಿತ್ತು, ದೋಣಿಗೆ ನೀರು ತುಂಬಿಸಿ, ನಮ್ಮಿಬ್ಬರನ್ನೂ ಅಂಚಿನ ಮೇಲೆ ಕೂರಿಸುತ್ತಿದ್ದರಲ್ಲ. ತುಂಬಿದ ದೋಣಿಯೂ ನಮ್ಮನ್ನು ಹೊತ್ತು ತೇಲಿದರೆ ಮಾತ್ರ ಅವರಿಗೆ ಸಮಾಧಾನ. ಅಪ್ಪ ಹೋದ ಮೇಲೂ ನಾನದನ್ನು ಬಿಟ್ಟಿರಲಿಲ್ಲ. ಈ ಸಲ ಭಾವ ಅಡ್ಡಬಂದರು. "ಚೆನ್ನಾಗಿರೋದನ್ನ ಮುಳುಗಿಸಿ ನೋಡೋದು ನಿಮ್ಮ ಮನೆಯವರಿಗೆಲ್ಲ ಒಂದು ಚಟ" ಎಂದು ನಕ್ಕರು. ನಗು ಸ್ವಲ್ಪ ಬೇಗ ಬಂತೆನಿಸಿತು. ಆಮೇಲೆ ನೋಡಿದರೆ ಲೈಫ್ ಜಾಕೆಟ್ ತೂಗುಹಾಕುವ ಗೂಟಗಳು ಖಾಲಿ. "ದೋಣೀಲೇ ಇವೆ, ಬಿಡು" ಎಂದರು. ಆಪತ್ತಿನಲ್ಲಿ ಹೊತ್ತಿಸುವ ಕೆಂಪು ಬತ್ತಿಗಳ ಡಬ್ಬಿಯಲ್ಲಿ ಗಾಳದ ಕೊಕ್ಕೆಗಳಿದ್ದವು.

ಇಂದು ಬೆಳಿಗ್ಗೆ ಅವರು ಕ್ಷೌರಕ್ಕೆ ಹೋದಾಗ ತಳದ ಹಲಗೆಯ ಸ್ಕ್ರೂಗಳನ್ನು ಬಿಚ್ಚಿದೆ. ಎಲ್ಲವೂ ಹೊಸವು. ಕೆಳಗೆ ತೇಲಿಸುವ ಫೋಮ್ ಇರಲಿಲ್ಲ. ಅದರ ಜಾಗದಲ್ಲಿ ಜಾಕೆಟ್‌ಗಳನ್ನು ದಿಂಬುಗಳಂತೆ ಮಡಚಿ, ಹಗ್ಗದಿಂದ ಬಿಗಿದು ತುರುಕಿದ್ದರು. ಅಷ್ಟರಲ್ಲಿ ಪೌಡರಿನ ವಾಸನೆಯೊಂದಿಗೆ ಅವರೇ ಬಾಗಿಲಲ್ಲಿ ನಿಂತಿದ್ದರು. ನಾಚಿಕೆಯಿಲ್ಲ, ಬದಲಿಗೆ ಸಂತೋಷ. "ಫೋಮ್ ನೀರು ಕುಡಿದು ಕಲ್ಲಾಗಿತ್ತು, ಕಿತ್ತೆಸೆದೆ. ಜಾಕೆಟ್ಟೂ ತೇಲೋದೇ ತಾನೆ? ದೋಣೀನೇ ಮುಳುಗದಿದ್ರೆ ಜಾಕೆಟ್ ಯಾರು ಹಾಕ್ಕೋತಾರೆ, ಹೇಳು."

ಒಂದು ಕ್ಷಣ ನನಗೂ ಅದು ಸರಿಯೆನಿಸಿತು. ಆ ಕ್ಷಣಕ್ಕೇ ನಾನು ಹೆಚ್ಚು ಹೆದರಿದ್ದು. ಆ ನಾಲ್ಕಾರು ಜಾಕೆಟ್‌ಗಳು ಎಂಜಿನ್ನಿನ ಭಾರವನ್ನೇ ಹೊರಲಾರವು ಅಕ್ಕಾ. ನೀರು ನುಗ್ಗಿದರೆ ಹಿಂಭಾಗ ಮೊದಲು ಇಳಿಯುತ್ತದೆ. ನೀನೂ ಪುಟ್ಟಿಯೂ ನೀರಿನಲ್ಲಿರುತ್ತೀರಿ, ಜಾಕೆಟ್‌ಗಳು ಸ್ಕ್ರೂ ಬಿಗಿದ ಹಲಗೆಯ ಕೆಳಗೆ. ಇದನ್ನು ಹೇಳಿದೆ. "ನಾನು ಉಸಿರಾಡಿದ್ರೂ ನಿಂಗೆ ಸಂಶಯ ಕಣಯ್ಯ" ಎಂದು ಅವರು ಸ್ಕ್ರೂಗಳನ್ನು ಮತ್ತೆ ಬಿಗಿದರು. ಅವರು ಹೇಳಿದ್ದು ಸುಳ್ಳಲ್ಲ.

ಬೆನ್ನಿಗೆ ದಿಂಬು ಇಟ್ಟುಕೊಂಡು ಕೂತುಕೋ. ಪುಟ್ಟಿಗೆ ನನ್ನ ಮುದ್ದು, ನಿನಗೆ ನಮಸ್ಕಾರ.

ನಿನ್ನ ತಮ್ಮ

ತಾ.ಕ.: ನಿಮ್ಮ ದ್ವೀಪಕ್ಕೆ ಹೊರಟ ಲಾಂಚಿನವನು ಈ ಕಾಗದಕ್ಕಾಗಿ ಹಿತ್ತಲ ಬಾಗಿಲಲ್ಲಿ ಕಾಯುತ್ತಿದ್ದಾನೆ. ಈ ಲಕೋಟೆಯಲ್ಲಿ ಕೈಗೆ ತಾಕುವುದು ನಮ್ಮ ಎಂಜಿನ್ನಿನ ಕೀಲಿ, ಇರುವುದು ಅದೊಂದೇ. ಭಾನುವಾರ ಲಾಂಚಿನಲ್ಲೇ ಬನ್ನಿ. ಭಾವ ಕೆಳಗೆ ಹುಡುಕುತ್ತಿದ್ದಾರೆ. ಮೊದಲು ತಡಕಿದ್ದು ಗೂಟಕ್ಕೆ ಹಾಕಿದ್ದ ನನ್ನ ಅಂಗಿಯ ಜೇಬುಗಳನ್ನು. ಸಂಶಯಪಡುವುದನ್ನು ಕೊನೆಗೂ ಕಲಿತಿದ್ದಾರೆ.